ಗ್ಯಾಸ್ ಮೇಲಕ್ಕೆ ಹೋಗುತ್ತೆ ಕಣಮ್ಮ

ದೀಪಾವಳಿ ಮುಗಿಸ್ಕೊಂಡು ಅಮ್ಮ ತಿಪಟೂರಿಂದ ನಮ್ಮನೆಗೆ ಬಂದಿದ್ಲು. ಬೆಳಗ್ಗೆ ಐದೂವರೆಗೆ ಎದ್ದು ಅಡುಗೆಮನೆ ಬಾಗಿಲು ತೆಗೆದವಳೇ "ಏನೇ ಇದು, ಗ್ಯಾಸ್ ವಾಸ್ನೆ ಬರ್ತಿದ್ಯಲ್ಲೇ" ಅಂತ ಕೂಗಿದ್ಲು. ನಂಗೆ ನೆಗಡಿ, ಮೂಗು ಪೂರ್ತಿ ಬಂದ್. ಯಜಮಾನ್ರು ಬಂದು ಮೂಸಿ ನೋಡಿ ಏನೂ ಇಲ್ವಲ್ಲ ಅತ್ತೆ ಅಂದ್ರು, ಅವರಿಗೆ ರಾತ್ರಿಯಿಂದ ಅದೇ ಗಾಳೀಲಿದ್ದು ಮೂಗು ಒಗ್ಗಿಹೋಗಿತ್ತು ಅನ್ಸುತ್ತೆ, ಇದು ನಿಜವಾಗ್ಲೂ ಆಗುತ್ತಂತೆ, ಸ್ವಲ್ಪ ಹೊತ್ತಾದ್ಮೇಲೆ ಮೂಗು ಆ ವಾಸ್ನೇನ ಲೆಕ್ಕಕ್ಕೇ ತಗೊಳಲ್ಲ. ಹೊರಗಿಂದ ಬಂದ ಮೂಗನ್ನೇ ನಂಬ್ಬೇಕು.

ಅಮ್ಮ ಮಾತ್ರ ಯಾರ ಮಾತೂ ಕೇಳದೆ ಲೈಟ್ ಹಾಕ್ಬೇಡಿ ಅಂತ ಹೇಳಿ, ಬಾಲ್ಕನಿ ಬಾಗಿಲು ತೆಗೆದು, ಒಂದು ಟವಲ್ ತಗೊಂಡು ಬಗ್ಗಿ ನೆಲದಿಂದ ಹೊರಗಡೆಗೆ ಗಾಳಿ ಬೀಸೋಕೆ ಶುರು ಮಾಡಿದ್ಲು. ಮೂವತ್ತು ವರ್ಷದಿಂದ ಸಿಲಿಂಡರ್ ಜೊತೆ ಬಾಳಿದವಳು. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲಿ ನೀರಿನ ಥರ ಹರಡ್ಕೊಂಡು ಮೂಲೇಲಿ ಕೂತ್ಕೊಳುತ್ತೆ, ಅದಕ್ಕೇ ಗ್ಯಾಸ್ ಲೀಕ್ ಆದ್ರೆ ಬಾಗಿಲು ತೆಗೆದು ಕೆಳಗಿಂದ ಗುಡಿಸಿ ಕಳಿಸ್ಬೇಕು ಅಂತ ಅವಳಿಗೆ ಮೊದಲ ಸಿಲಿಂಡರ್ ತಂದುಕೊಟ್ಟ ದಿನಾನೇ ಹೇಳ್ಕೊಟ್ಟಿದ್ರಂತೆ. ಸರಿಯಾಗೇ ಹೇಳ್ಕೊಟ್ಟಿದ್ರು. ಆದ್ರೆ ನಮ್ಮನೇಲಿರೋದು ಪೈಪಿನ ಗ್ಯಾಸು. ಅದು ಮೀಥೇನ್, ಗಾಳಿಗಿಂತ ಹಗುರ, ಹೆಚ್ಚು ಕಮ್ಮಿ ಅರ್ಧ ತೂಕ. ಅಮ್ಮ ಕೆಳಗೆ ಬೀಸ್ತಿದ್ರೆ ಗ್ಯಾಸು ಆರಾಮಾಗಿ ಸೀಲಿಂಗಲ್ಲಿ ಇತ್ತು.

ಮೇಲ್ಗಡೆ ಒಂದು ವೆಂಟಿಲೇಟರ್ ಇದೆ ಅಲ್ವಾ, ಅದರಿಂದ ತಾನಾಗೇ ಹೋಗ್ಬೇಕಿತ್ತು. ಹೋಗಿರ್ಲಿಲ್ಲ. ಯಾಕಂದ್ರೆ ಬೆಂಗಳೂರಲ್ಲಿ ಫ್ಲ್ಯಾಟಲ್ಲಿರೋ ಎಲ್ಲರ ಥರ ನಂಗೂ ಪಾರಿವಾಳದ ಕಾಟ, ಆ ವೆಂಟಿಲೇಟರಿಗೆ ನಾನೇ ಹೋದ ವರ್ಷ ಥರ್ಮಾಕೋಲು ಮೇಲೆ ರಟ್ಟು ಇಟ್ಟು ಪ್ಯಾಕಿಂಗ್ ಟೇಪ್ ಹಾಕಿ ಬಂದೋಬಸ್ತ್ ಮಾಡಿದ್ದೆ. ಎಷ್ಟು ನೀಟಾಗಿ ಮಾಡಿದ್ದೆ ಅಂದ್ರೆ ಒಂದು ಸೊಳ್ಳೆ ನುಸುಳೋಕೂ ಜಾಗ ಇಲ್ಲ.

ಸರಿ, ಎಕ್ಸಾಸ್ಟ್ ಫ್ಯಾನ್ ಹಾಕ್ಲಾ ಅಂತ ಯಜಮಾನ್ರು ಸ್ವಿಚ್ ಹತ್ರ ಕೈ ತಗೊಂಡೋದ್ರು, ಅಮ್ಮ ಕೈ ಮೇಲೆ ಒಂದು ಕೊಟ್ಲು ನೋಡಿ. ಸ್ವಿಚ್ ಆನ್ ಮಾಡೋದೂ ತಪ್ಪು, ಆನ್ ಇರೋ ಸ್ವಿಚ್ ಆಫ್ ಮಾಡೋದೂ ತಪ್ಪು, ಎರಡರಲ್ಲೂ ಸ್ವಿಚ್ಚೊಳಗೆ ಸಣ್ಣ ಕಿಡಿ ಹಾರುತ್ತೆ. ಗಾಳೀಲಿ ಈ ಗ್ಯಾಸು ನೂರಕ್ಕೆ 5 ಭಾಗ ಸೇರಿದ್ರೆ ಅಷ್ಟು ಕಿಡಿ ಸಾಕು. ಗ್ಯಾಸ್ ಮೀಟರ್ ನಮ್ದು ಯುಟಿಲಿಟೀಲಿದೆ, ಅಲ್ಲಿ ಹೋಗಿ ವಾಲ್ವ್ ತಿರುಗಿಸ್ದೆ, ಹಿಡಿ ಪೈಪ್ ಉದ್ದಕ್ಕೆ ಇದ್ರೆ ಓಪನ್, ಅಡ್ಡ ಇದ್ರೆ ಬಂದ್, ಇಷ್ಟೇ, ಕಾಲು ಸುತ್ತು. ಕಿಟಕಿ ಎಲ್ಲಾ ತೆಗೆದು ಕೆಳಗಿಳಿದು ಗೇಟ್ ಹತ್ರ ಹೋಗಿ ಅಲ್ಲಿಂದ ಫೋನ್ ಮಾಡಿದ್ವಿ, ಎಮರ್ಜೆನ್ಸಿ ನಂಬರ್ ಬಿಲ್ ಮೇಲೇ ಇರುತ್ತೆ. (ಸಿಲಿಂಡರ್ ಇರೋರಿಗೆ ಲೀಕ್ ಆದ್ರೆ 1906, ಇದನ್ನ ಈಗ್ಲೇ ಫೋನಲ್ಲಿ ಸೇವ್ ಮಾಡ್ಕೊಳಿ.) ಗೇಟ್ ಹತ್ರ ಪಕ್ಕದ ಫ್ಲ್ಯಾಟಿನ ಅಂಕಲ್ ಸಿಕ್ಕಿ, ಅದ್ಯಾಕೆ ಅಷ್ಟು ಗಾಬರಿ, ಒಂದು ಕಡ್ಡಿ ಗೀರಿ ಪೈಪ್ ಹತ್ರ ಹಿಡಿದ್ರೆ ಎಲ್ಲಿ ಲೀಕು ಅಂತ ಗೊತ್ತಾಗುತ್ತೆ ಅಂದ್ರು. ಎಪ್ಪತ್ತು ವರ್ಷ ಹೇಗೆ ಬದುಕಿದ್ರೋ ದೇವರೇ ಬಲ್ಲ.

ಗ್ಯಾಸಿನ ಹುಡುಗ ಬಂದು ಡಿಟೆಕ್ಟರ್ ಹಿಡಿದು ನೋಡಿ, ಆಮೇಲೆ ಸೋಪಿನ ನೀರು ಮಾಡಿ ಜಾಯಿಂಟ್ ಜಾಯಿಂಟಿಗೂ ಹಚ್ಚಿದ. ಸ್ಟವ್ ಹಿಂದಿನ ಹೋಸ್ ಹತ್ರ ಪುಸ್ ಪುಸ್ ಅಂತ ಗುಳ್ಳೆ. ಮೂರು ದಿನದ ಹಿಂದೆ ಚಿಮಣಿ ಫಿಟ್ ಮಾಡೋಕೆ ಬಂದವನು ಸ್ಟವ್ ಎಳೆದು ಪಕ್ಕಕ್ಕಿಟ್ಟಿದ್ದ, ವಾಪಸ್ ತಳ್ಳುವಾಗ ಹೋಸ್ ಸೆಳೆದು ಕ್ಲಿಪ್ ಸಡಿಲ ಆಗಿತ್ತು. ಹೇಳಿಯೂ ಹೋಗಿರ್ಲಿಲ್ಲ ಪುಣ್ಯಾತ್ಮ, ಟಿಪ್ಸ್ ಮಾತ್ರ ಕೇಳಿ ಇಸ್ಕೊಂಡೋಗಿದ್ದ.

ಪೈಪಲ್ಲಿ ಪ್ರೆಶರ್ ಜಾಸ್ತಿ ಇರುತ್ತಾ ಅಂತ ನಾನು ಕೇಳ್ದೆ. ರಸ್ತೆ ಕೆಳಗಿನ ಹಳದಿ ಪ್ಲಾಸ್ಟಿಕ್ ಪೈಪಲ್ಲಿ 4 ಬಾರ್ ತನಕ ಇರುತ್ತೆ, ಬಿಲ್ಡಿಂಗ್ ಹತ್ರ ಇಳಿಸಿ ಮನೆಯೊಳಗೆ ಬರೋವಾಗ 21 ಮಿಲಿಬಾರ್ ಮಾಡಿರ್ತಾರೆ ಮೇಡಂ ಅಂದ. ಬಾರಿನ ಸಾವಿರದಲ್ಲೊಂದು ಭಾಗ ಮಿಲಿಬಾರು. ನಾನು ಆಮೇಲೆ ಲೆಕ್ಕ ಹಾಕ್ದೆ, 21 ಮಿಲಿಬಾರ್ ಅಂದ್ರೆ ಒಂದು ಗೇಣು ನೀರು ನಿಂತ್ರೆ ತಳದಲ್ಲಿ ಬೀಳೋ ಒತ್ತಡ ಅಷ್ಟೇ. ಅದಕ್ಕೇ ಸಣ್ಣ ಲೀಕಾದ್ರೆ ಸುಯ್ ಅಂತ ಶಬ್ದಾನೂ ಬರಲ್ಲ. ಆದ್ರೆ ಸಿಲಿಂಡರ್ ಆದ್ರೆ 14.2 ಕೆಜಿಗೆ ಖಾಲಿ ಆಗುತ್ತೆ, ಇದು ಖಾಲೀನೇ ಆಗಲ್ಲ. ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿಗೆ 2013ರಲ್ಲಿ ಹಾಕಿದ ಸುಮಾರು ಸಾವಿರ ಕಿಲೋಮೀಟರ್ ಲೈನು ಅದು, ಬೆಳಗಾವಿ ಧಾರವಾಡ ದಾವಣಗೆರೆ ತುಮಕೂರು ಕಡೆಯಿಂದ ಬರುತ್ತೆ. ಅಮ್ಮಂಗೆ ಹೇಳ್ದೆ, ನಿಮ್ಮ ಜಿಲ್ಲೆ ದಾಟ್ಕೊಂಡೇ ಬರೋದು ಕಣಮ್ಮ ಅಂತ. "ಹಂಗಾದ್ರೆ ನಮ್ಗ್ಯಾಕೆ ಕೊಡ್ಲಿಲ್ಲ" ಅಂದ್ಲು.

ಆ ಗಬ್ಬು ವಾಸ್ನೆ ಇದ್ಯಲ್ಲ, ಅದು ಗ್ಯಾಸಿಂದಲ್ಲ, ಬೇಕು ಅಂತಲೇ ಮರ್ಕ್ಯಾಪ್ಟಾನ್ ಅನ್ನೋ ಗಂಧಕದ ಕೆಮಿಕಲ್ ಸೇರಿಸ್ತಾರೆ. 1937ರಲ್ಲಿ ಅಮೆರಿಕದ ಟೆಕ್ಸಾಸಲ್ಲಿ ನ್ಯೂ ಲಂಡನ್ ಅನ್ನೋ ಊರಿನ ಸ್ಕೂಲ್ ಅಡಿಯಲ್ಲಿ ವಾಸ್ನೆ ಇಲ್ಲದ ನ್ಯಾಚುರಲ್ ಗ್ಯಾಸ್ ತುಂಬ್ಕೊಂಡು, ವರ್ಕ್‌ಶಾಪಲ್ಲಿ ಒಂದು ಮೆಷಿನ್ ಸ್ವಿಚ್ ಹಾಕ್ತಿದ್ದ ಹಾಗೇ ಸ್ಫೋಟ ಆಗಿ ಸುಮಾರು 300 ಜನ ಸತ್ರು, ಹೆಚ್ಚಿನವರು ಮಕ್ಕಳು. ಅದಾದ್ಮೇಲೇ ವಾಸ್ನೆ ಸೇರಿಸ್ಲೇಬೇಕು ಅಂತ ಕಾನೂನು ಬಂದಿದ್ದು. ಅಮ್ಮನ ಮೂಗಿಗೆ ಬಂದಿದ್ದು ಅದೇ ವಾಸ್ನೆ.

ಹುಡುಗ ಹೋಗೋ ಮುಂಚೆ ಬಾತ್‌ರೂಮ್ ಕಡೆ ಇಣುಕಿ, ಗ್ಯಾಸ್ ಗೀಸರ್ ಒಳಗಿಲ್ಲ ತಾನೇ ಅಂತ ಕೇಳ್ದ. ಇಲ್ಲ, ನಮ್ದು ಸೋಲಾರು. ಒಳ್ಳೇದಾಯ್ತು ಅಂದ. ಅದು ಇನ್ನೊಂದು ಕಥೆ. ಕಿಟಕಿ ಮುಚ್ಚಿದ ಪುಟ್ಟ ಬಾತ್‌ರೂಮಲ್ಲಿ ಗೀಸರ್ ಉರಿದು ಆಕ್ಸಿಜನ್ ಸಾಲದೆ ಕಾರ್ಬನ್ ಮೊನಾಕ್ಸೈಡ್ ಬಂದ್ರೆ ಅದಕ್ಕೆ ಯಾವ ವಾಸ್ನೇನೂ ಇಲ್ಲ, ಸ್ನಾನಕ್ಕೆ ಹೋದವರು ಅಲ್ಲೇ ಕುಸಿದುಬಿಡ್ತಾರೆ, ಬೆಂಗಳೂರಲ್ಲಿ ಇಂಥ ಸುದ್ದಿ ಓದ್ತಾನೇ ಇರ್ತೀವಿ. ಗೀಸರ್ ಹೊರಗಿರ್ಬೇಕು, ನೀರು ಮಾತ್ರ ಒಳಗೆ ಬರ್ಬೇಕು. ಬಾಡಿಗೆ ಮನೆ ನೋಡೋಕೆ ಹೋದಾಗ ವಾಸ್ತು ಕೇಳೋ ಬದ್ಲು ಇದನ್ನ ಕೇಳಿ.

ಇನ್ನೊಂದು, ನಮ್ಮ ಬಿಲ್ಡಿಂಗಲ್ಲಿ ಒಬ್ಬರು ಸಪ್ಲೈ ಬಂದ್ ಆದ ದಿನ ಪೈಪ್ ಗ್ಯಾಸಿನ ಸ್ಟವ್ವಿಗೇ ಹಳೇ ಸಿಲಿಂಡರ್ ಹಚ್ಚಿದ್ರಂತೆ, ಉರಿ ಬಾಣಲೆ ದಾಟಿ ಮೇಲೆ ಬಂತಂತೆ. ಬರದೇ ಏನು, ಅಷ್ಟೇ ಗಾತ್ರದ ಸಿಲಿಂಡರ್ ಗ್ಯಾಸಲ್ಲಿ ಎರಡೂವರೆ ಪಟ್ಟು ಶಾಖ ಇರುತ್ತೆ, ಅದಕ್ಕೇ ಪೈಪ್ ಕನೆಕ್ಷನ್ ಕೊಡುವಾಗ ನಾಝಲ್ ಬದಲಾಯಿಸಿ ದೊಡ್ಡ ತೂತಿಂದು ಹಾಕಿರ್ತಾರೆ.

ಈಗ ವೆಂಟಿಲೇಟರಿಗೆ ರಟ್ಟು ತೆಗೆದು ಕಬ್ಬಿಣದ ಜಾಲರಿ ಹಾಕ್ಸಿದೀನಿ, ಪಾರಿವಾಳ ಹೊರಗೇ ಕೂತು ಗೊಣಗ್ತಾ ಇರುತ್ತೆ. ಅಮ್ಮ ಊರಿಗೆ ಹೋದ್ಮೇಲೆ ದಿನಾ ರಾತ್ರಿ ಫೋನಲ್ಲಿ ಊಟ ಆಯ್ತಾ ಅಂತ ಕೇಳೋ ಬದ್ಲು "ಮೇಲ್ಗಡೆ ತೆಗೆದಿದ್ಯಾ" ಅಂತಾಳೆ. ಮೊನ್ನೆ ನಾನೂ ತಿರುಗಿಸಿ ಕೇಳ್ದೆ, ನಿನ್ನ ಸಿಲಿಂಡರಿನ ಕೇಸರಿ ಪೈಪ್ ಮೇಲೆ ವರ್ಷ ಬರೆದಿರುತ್ತೆ, 5 ವರ್ಷಕ್ಕೆ ಬದಲಾಯಿಸ್ಬೇಕು, ಎಷ್ಟಿದೆ ನೋಡು ಅಂತ. ಕನ್ನಡಕ ಹುಡುಕಿ, ಟಾರ್ಚ್ ಹಿಡಿದು, ಬಗ್ಗಿ, ಸ್ವಲ್ಪ ಹೊತ್ತು ಸುಮ್ನಿದ್ದು, "2014 ಅಂತಿದೆ ಕಣೇ, ಅದು ಪೈಪಿನ ನಂಬರ್ರಾ?" ಅಂದ್ಲು.

ಶನಿವಾರ ತಿಪಟೂರಿಗೆ ಹೋಗ್ತಿದೀನಿ. ಹೊಸ ಪೈಪ್ ಬ್ಯಾಗಿಗೆ ಹಾಕಾಯ್ತು.