ಮೈಸೂರಿನ ಮೇಲು, ಮಂಡ್ಯದ ಮೇಲು

ಚಾಮುಂಡಿ ಬೆಟ್ಟಕ್ಕೆ ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಊರು ನೋಡುತ್ತಾರೆ. ನಾನು ಈ ಸಲ ಡ್ರೈವರ್ ಹಿಂದಿನ ಸೀಟು ಹಿಡಿದು, ಮುಂದಿನ ಗಾಜಿಗೆ ಎದುರಾಗಿ ದಾರದಲ್ಲಿ ನೇತಾಡುತ್ತಿದ್ದ ನಿಂಬೆಹಣ್ಣು, ಮೆಣಸಿನಕಾಯಿ ನೋಡುತ್ತಾ ಕೂತೆ. ದೃಷ್ಟಿ ತಾಗದಿರಲಿ ಅಂತ ಕಟ್ಟಿದ್ದು. ನನಗೆ ಅದು, ಗೋಡೆ ನೆಟ್ಟಗಿದೆಯಾ ಅಂತ ನೋಡಲು ಗಾರೆಯವರು ದಾರ ಕಟ್ಟಿ ಇಳಿಬಿಡುವ ತೂಗುಗುಂಡು ಆಯಿತು.

ಬಸ್ಸು ಏರು ಹತ್ತಿದಂತೆ ನಿಂಬೆಹಣ್ಣು ಡ್ರೈವರ್ ಕಡೆಗೆ ಬಂತು. ನಿಜವಾಗಿ ಅದು ಎಲ್ಲಿಗೂ ಬಂದಿರಲಿಲ್ಲ, ನೆಟ್ಟಗೆ ನೆಲದ ಕಡೆಗೇ ತೂಗುತ್ತಿತ್ತು. ವಾಲಿದ್ದು ಬಸ್ಸು, ಜೊತೆಗೆ ನಾವು. ಆದರೆ ಒಳಗೆ ಕೂತವರಿಗೆ ಹಾಗೆ ಅನ್ನಿಸುವುದೇ ಇಲ್ಲ. ಕಿಟಕಿಯ ಚೌಕಟ್ಟು ನೆಟ್ಟಗಿದೆ ಅಂತ ಕಣ್ಣು ನಂಬಿಬಿಡುತ್ತದೆ. ಆಗ ಹೊರಗಿನ ಲೈಟು ಕಂಬಗಳೇ ಒಂಚೂರು ಬೆಟ್ಟದ ತುದಿ ಕಡೆಗೆ ಬಾಗಿದ ಹಾಗೆ ಕಾಣುತ್ತವೆ. ಹಾಂಗ್‌ಕಾಂಗಿನ ಬೆಟ್ಟದ ಟ್ರಾಮಿನಲ್ಲಿ ಇದು ಇನ್ನೂ ಜೋರು. ಅಲ್ಲಿ ಏರು ತುಂಬಾ ಕಡಿದು. ದೊಡ್ಡ ದೊಡ್ಡ ಕಟ್ಟಡಗಳೇ ಬೆಟ್ಟದ ಕಡೆಗೆ ಉರುಳುವಂತೆ ಕಾಣುತ್ತವೆ. ಸಂಶೋಧಕರು ಅದನ್ನು ಪರೀಕ್ಷಿಸಿಯೂ ನೋಡಿದ್ದಾರೆ.

ತಿರುವಿನಲ್ಲಿ ಕಥೆ ಬೇರೆ. ನಿಂಬೆಹಣ್ಣು ಪಕ್ಕಕ್ಕೆ ಎಳೆದುಕೊಂಡು ನಿಂತಿತು. ಬಸ್ಸು ವಾಲಿತೋ, ತಿರುಗಿದ ರಭಸಕ್ಕೆ ಹಾಗಾಯಿತೋ? ಬರೀ ದಾರ ನೋಡಿ ಹೇಳಕ್ಕಾಗಲ್ಲ. ನಮ್ಮ ಕಿವಿಯ ಪಾಡೂ ಇದೇ. ಒಳಕಿವಿಯಲ್ಲಿ ಎರಡು ಪುಟ್ಟ ಚೀಲಗಳಿವೆ. ಅವುಗಳೊಳಗೆ ಲೋಳೆಯ ಪದರ, ಪದರದ ಮೇಲೆ ಸಣ್ಣ ಸಣ್ಣ ಹರಳು. ಕ್ಯಾಲ್ಸಿಯಂ ಕಾರ್ಬೊನೇಟ್ ಹರಳು, ಅಂದರೆ ಸುಣ್ಣದಕಲ್ಲಿನ ಜಾತಿಯದೇ. ತಲೆ ವಾಲಿದರೆ ಹರಳಿನ ಭಾರಕ್ಕೆ ಪದರ ಜಾರುತ್ತದೆ, ಅದರಡಿಯ ಕೂದಲಿನಂಥ ಎಳೆಗಳು ಬಾಗುತ್ತವೆ, ಕೆಳಗು ಯಾವ ಕಡೆ ಅಂತ ಮಿದುಳಿಗೆ ಸುದ್ದಿ ಹೋಗುತ್ತದೆ. ಆದರೆ ಡ್ರೈವರ್ ಬ್ರೇಕ್ ಒತ್ತಿದರೂ ಅದೇ ಹರಳು ಹಾಗೇ ಜಾರುತ್ತದೆ. ತಿರುಗುವುದನ್ನು ಅಳೆಯುವ ಮೂರು ನಾಳಗಳು ಕಿವಿಯಲ್ಲೇ ಬೇರೆ ಇವೆ. ಅವು, ಕಣ್ಣು, ಕುತ್ತಿಗೆ, ಪಾದ, ಎಲ್ಲರ ಮಾತು ಕೇಳಿ ಮಿದುಳು ಪಂಚಾಯಿತಿ ಮಾಡಬೇಕು. ಸೆಳೆತವನ್ನೂ ವೇಗದ ಬದಲಾವಣೆಯನ್ನೂ ಒಳಗೆ ಕೂತವರು ಬೇರೆ ಮಾಡಿ ಹೇಳಲಾರರು ಎಂಬ ಎಳೆ ಹಿಡಿದೇ ಐನ್‌ಸ್ಟೈನ್ 1915ರ ಹೊತ್ತಿಗೆ ಗುರುತ್ವದ ಹೊಸ ಸಿದ್ಧಾಂತ ಕಟ್ಟಿದರು.

ನನ್ನ ಪಕ್ಕದ ಸಾಲಿನ ಹುಡುಗನಿಗೆ ಸಿದ್ಧಾಂತ ಬೇಕಿರಲಿಲ್ಲ. ಮೊಬೈಲಿನಲ್ಲಿ ಮುಳುಗಿದ್ದ. ಅಲ್ಲಾಡ್ತಿಲ್ಲ ಅಂತ ಕಣ್ಣು, ಅಲ್ಲಾಡ್ತಿದೆ ಅಂತ ಕಿವಿ. ಇನ್ನೆರಡು ತಿರುವು ಕಳೆಯುವಷ್ಟರಲ್ಲಿ ಅವರಮ್ಮ ಕವರ್ ಹುಡುಕತೊಡಗಿದರು.

ದರ್ಶನ ಮುಗಿಸಿ ಮೆಟ್ಟಿಲಲ್ಲಿ ಇಳಿದೆ. ಹತ್ತುವಾಗ ಉಸಿರು, ಇಳಿಯುವಾಗ ಮಂಡಿ, ಮೈಸೂರಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ದೊಡ್ಡ ನಂದಿಯ ಹತ್ತಿರ ಕೂತು ನೀರು ಕುಡಿದೆ. 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ನಂದಿ. ಅಲ್ಲಿಂದ ಸುತ್ತ ನೋಡಿದರೆ ಇಳಿಜಾರಿನ ಮರಗಳೂ ಬೆಟ್ಟದ ಮೈಗೆ ಸರಿಯಾಗಿ ನಿಂತಿಲ್ಲ, ಭೂಮಿಯ ನಡುವಿಗೆ ಸರಿಯಾಗಿ ನಿಂತಿವೆ. ನೆಲ ಹೇಗಾದರೂ ವಾಲಲಿ, ಅವುಗಳ ಲೆಕ್ಕ ಬೇರೆ.

ಶ್ರೀರಂಗಪಟ್ಟಣದಲ್ಲಿ ಊಟ. ಊಟದ ಬಗ್ಗೆ ಹೇಳುವಂಥದ್ದೇನಿಲ್ಲ. ಆಮೇಲೆ ಕಾವೇರಿ ದಡಕ್ಕೆ ಹೋದೆ. ನೀರು ಸುಮ್ನೆ ನಿಂತಂತಿದ್ದ ಕಡೆ, ಮೆಟ್ಟಿಲ ಮೇಲೆ ಬಟ್ಟೆ ಹಿಂಡುತ್ತಿದ್ದವರ ನೆರಳು ತಲೆಕೆಳಗಾಗಿ ಬಿದ್ದಿತ್ತು. 12ನೇ ಶತಮಾನದ ಭಾಸ್ಕರಾಚಾರ್ಯರು ಹೇಳಿದ್ದು ನೆನಪಾಯಿತು. ಯಾರು ಎಲ್ಲಿ ನಿಂತರೂ ಭೂಮಿ ತನ್ನ ಕಾಲ ಕೆಳಗಿದೆ, ತಾನೇ ಮೇಲಿದ್ದೇನೆ ಅಂದುಕೊಳ್ಳುತ್ತಾರೆ. ಗೋಳದ ಆಚೆ ಬದಿಯವರು ನಮಗೆ, ದಡದಲ್ಲಿ ನಿಂತವನ ನೆರಳು ನೀರಿನಲ್ಲಿ ಕಾಣುವಂತೆ, ತಲೆಕೆಳಗು. ಆದರೆ ನಾವಿಲ್ಲಿ ಎಷ್ಟು ಆರಾಮವೋ ಅವರಲ್ಲಿ ಅಷ್ಟೇ ಆರಾಮ. ನ್ಯೂಟನ್‌ಗಿಂತ ಐನೂರು ವರ್ಷ ಮೊದಲು ಇಷ್ಟು ಸಲೀಸಾಗಿ ಹೇಳಿದ್ದಾರಲ್ಲ! ಅಂದಹಾಗೆ ಮೈಸೂರಿನ ಸರಿಯಾದ ಆಚೆ ಬದಿಯಲ್ಲಿ ಯಾರೂ ನಿಂತಿಲ್ಲ. ಅದು ಪೆರು ದೇಶದ ಪಶ್ಚಿಮಕ್ಕೆ, ನಡು ಪೆಸಿಫಿಕ್ ಸಾಗರ.

ಅಷ್ಟು ದೂರ ಯಾಕೆ ಹೋಗಬೇಕು? ಮೈಸೂರಿಂದ ಮಂಡ್ಯಕ್ಕೆ ಹಕ್ಕಿ ಹಾರುವ ದಾರಿ 40 ಕಿ.ಮೀ.ಗಿಂತ ಸ್ವಲ್ಪ ಕಡಿಮೆ. ಭೂಮಿಯ ಮೇಲೆ 111 ಕಿ.ಮೀ.ಗೆ ಒಂದು ಡಿಗ್ರಿ. ಹಾಗಾದರೆ ಮೈಸೂರಿನ ಗಾರೆಯವರು ಬಿಟ್ಟ ತೂಗುಗುಂಡಿಗೂ ಮಂಡ್ಯದವರು ಬಿಟ್ಟ ತೂಗುಗುಂಡಿಗೂ ಒಂದು ಡಿಗ್ರಿಯ ಮೂರನೇ ಒಂದು ಭಾಗದಷ್ಟು ವ್ಯತ್ಯಾಸ. ಎರಡೂ ಊರಿನ ಗೋಡೆ ನೆಟ್ಟಗೇ ಇರುತ್ತದೆ, ಆದರೆ ಒಂದಕ್ಕೊಂದು ಸಮಾನಾಂತರ ಇರುವುದಿಲ್ಲ. ಎಲ್ಲರಿಗೂ ಒಂದೇ ಮೇಲು ಅಂತ ಒಂದಿಲ್ಲ. ಊರಿಗೊಂದು ಮೇಲು.

ಸಂಜೆ ಪಾಂಡವಪುರದ ಕಡೆ ಭಾವನ ಊರಿಗೆ ಹೋದೆ. ವಿ.ಸಿ. ನಾಲೆಯಲ್ಲಿ, ಅಂದರೆ ವಿಶ್ವೇಶ್ವರಯ್ಯ ನಾಲೆಯಲ್ಲಿ, ನೀರಿತ್ತು. ಕೆ.ಆರ್.ಎಸ್. ಅಣೆಕಟ್ಟು ಬಿಟ್ಟು ಹೊರಟ ಆ ನೀರನ್ನು ಯಾವ ಮೋಟರೂ ತಳ್ಳುವುದಿಲ್ಲ, ಇಳಿಜಾರೇ ಒಯ್ಯುತ್ತದೆ. ದಾರಿಯಲ್ಲಿ ದಿಣ್ಣೆ ಅಡ್ಡ ಬಂದಾಗ ನೀರು ಹತ್ತುವುದಿಲ್ಲವಲ್ಲ, ಅದಕ್ಕೇ ಹುಲಿಕೆರೆಯಲ್ಲಿ 2 ಕಿ.ಮೀ.ಗೂ ಉದ್ದದ ಸುರಂಗ ಕೊರೆದರು.

ಭಾವನ ಗದ್ದೆಯಲ್ಲಿ ಗಾಳಿ ಮಳೆಗೆ ಕಬ್ಬು ಮಲಗಿತ್ತು. ಎತ್ತಿ ಕಟ್ಟಬೇಕಲ್ವಾ ಭಾವ, ಅಂದೆ. "ಎಳೇದು ಕಣಪ್ಪ, ತಾನೇ ಎದ್ಕತದೆ ಬುಡು" ಅಂದರು. ಕೂತು ಒಂದು ಜಲ್ಲೆ ನೋಡಿದೆ. ಬುಡ ನೆಲಕ್ಕೆ ಒರಗಿಕೊಂಡೇ ಇದೆ. ತುದಿ ಕಡೆಯ ಗೆಣ್ಣುಗಳು ಮಾತ್ರ ಒಂದೊಂದೂ ಸ್ವಲ್ಪ ಸ್ವಲ್ಪ ಬಾಗಿ, ಕಬ್ಬು ಹಾಕಿ ಸ್ಟಿಕ್ಕಿನ ಹಾಗೆ ಆಗಿದೆ. ಸುಳಿ ಆಕಾಶಕ್ಕೆ ನೆಟ್ಟಗೆ. ಬಾಗಿದ ಗೆಣ್ಣನ್ನು ಬೆರಳಲ್ಲಿ ಮುಟ್ಟಿದರೆ ಕೆಳಮಗ್ಗುಲು ಉದ್ದ, ಮೇಲ್ಮಗ್ಗುಲು ಗಿಡ್ಡ.

ಗೆಣ್ಣಿನ ಹತ್ತಿರದ ಕೆಲವು ಜೀವಕೋಶಗಳಲ್ಲಿ ಪಿಷ್ಟದ ಕಾಳುಗಳಿರುತ್ತವೆ. ಕಬ್ಬು ಮಲಗಿದಾಗ ಅವು ಜಾರಿ ಹೊಸ ತಳಕ್ಕೆ ಕೂರುತ್ತವೆ. ಅದರ ಸುಳಿವು ಹಿಡಿದು ಆಕ್ಸಿನ್ ಎಂಬ ಹಾರ್ಮೋನು ಕೆಳಮಗ್ಗುಲಿನಲ್ಲಿ ಜಾಸ್ತಿ ಸೇರುತ್ತದೆ, ಆ ಕಡೆ ಜಾಸ್ತಿ ಬೆಳೆಯುತ್ತದೆ, ಕಬ್ಬು ಮೇಲಕ್ಕೆ ತಿರುಗುತ್ತದೆ. ಬಸ್ಸಿನಲ್ಲಿ ನಿಂಬೆಹಣ್ಣು, ಕಿವಿಯಲ್ಲಿ ಸುಣ್ಣದ ಹರಳು, ಕಬ್ಬಿನಲ್ಲಿ ಪಿಷ್ಟ. ಕೆಳಗು ಎಲ್ಲಿದೆ ಅಂತ ಗೊತ್ತಾಗಬೇಕಾದರೆ ತನ್ನೊಳಗೆ ಬೀಳುವಂಥದ್ದು ಏನಾದರೂ ಇರಲೇಬೇಕು.

ಬಾಹ್ಯಾಕಾಶ ನಿಲ್ದಾಣದಲ್ಲಿ ಕೈಕೊಡುವುದು ಇದೇ. ಅಲ್ಲಿ ಗುರುತ್ವ ಇಲ್ಲ ಅನ್ನುವುದು ತಪ್ಪು. ಸುಮಾರು 400 ಕಿ.ಮೀ. ಎತ್ತರದಲ್ಲೂ ಭೂಮಿಯ ಸೆಳೆತ ಇಲ್ಲಿನ ಶೇ. 90ರಷ್ಟು ಇದ್ದೇ ಇದೆ. ಆದರೆ ನಿಲ್ದಾಣ, ಅದರೊಳಗಿನ ಮನುಷ್ಯ, ಅವನ ಕಿವಿಯ ಹರಳು ಎಲ್ಲ ಒಟ್ಟಿಗೇ ಬೀಳುತ್ತಿರುತ್ತವೆ. ಹಾಗಾಗಿ ಹರಳು ಯಾವ ಕಡೆಗೂ ಭಾರ ಹಾಕುವುದಿಲ್ಲ. ಮೊದಲ ಕೆಲವು ದಿನ ಅನೇಕರಿಗೆ ಹೊಟ್ಟೆ ತೊಳಸುತ್ತದೆ. ಇದ್ದಕ್ಕಿದ್ದಂತೆ ಗೋಡೆ ನೆಲವಾಗಿ ಕಾಣುವುದೂ ಉಂಟು. 2025ರಲ್ಲಿ ಶುಭಾಂಶು ಶುಕ್ಲಾ ಅಲ್ಲಿಗೆ ಹೋದಾಗ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸಿದರು. ಆ ಪ್ರಯೋಗ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯ ವಿಜ್ಞಾನಿಗಳದು.

ವಾಪಸ್ ಬರುವಾಗ ಭಾವ ಆಲೆಮನೆ ಹತ್ತಿರ ಗಾಡಿ ನಿಲ್ಲಿಸಿದರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಮೇಲೆ ಬಂದ ಮಡ್ಡಿಯನ್ನು ಒಬ್ಬರು ಜಾಲರಿಯಲ್ಲಿ ಎತ್ತಿ ಎತ್ತಿ ಹಾಕುತ್ತಿದ್ದರು. ಒಲೆಯ ಹೊಗೆ ಕೊಳವೆಯಲ್ಲಿ ನೆಟ್ಟಗೆ ಮೇಲಕ್ಕೆ. ಹೊಗೆ ತಾನಾಗಿ ಏರುವುದಿಲ್ಲ ಭಾವ, ತಣ್ಣಗಿನ ಗಾಳಿ ಭಾರ ಜಾಸ್ತಿ, ಅದು ಕೆಳಗೆ ನುಗ್ಗಿ ಬಿಸಿಯನ್ನು ಮೇಲಕ್ಕೆ ನೂಕುತ್ತೆ, ಬಾಹ್ಯಾಕಾಶದಲ್ಲಿ ಮೇಣದಬತ್ತಿ ಉರಿ ಉಂಡೆಯಾಗಿರುತ್ತೆ ಅಂದೆ.

ಭಾವ ಕೊಪ್ಪರಿಗೆ ನೋಡುತ್ತಾ ಯೋಚಿಸಿದರು. "ಅಂಗಾದ್ರೆ ಅಲ್ಲಿ ಮಡ್ಡಿನೂ ಮೇಲಕ್ಕೆ ಬರಾಕಿಲ್ಲ. ಬೆಲ್ಲ ಹೆಂಗೆ ಕಾಯಿಸ್ತಾರೆ?"

ಕಾಯಿಸಕ್ಕಾಗಲ್ಲ, ಇಲ್ಲಿಂದಲೇ ಕಳಿಸಬೇಕು ಅಂದೆ. ಈಗ ಅಚ್ಚು ಬೆಲ್ಲಕ್ಕೆ ಎಷ್ಟು ನಡೀತಿದೆ ಅಂತ ಅವರು ಆಲೆಮನೆಯವರನ್ನು ವಿಚಾರಿಸತೊಡಗಿದರು.