ಹಗಲಿನ ಕರೆಂಟ್ ಹಗಲಲ್ಲೇ ಕೊಡಿ ಸ್ವಾಮಿ

ಕರೆಂಟ್ ಹಂಚುವ ಕಂಪನಿ ಬೆಸ್ಕಾಂ ಅಂದರೆ ಎಲ್ಲರಿಗೂ ಬೆಂಗಳೂರೇ ನೆನಪಾಗುತ್ತದೆ. ಆದರೆ ತುಮಕೂರು, ಚಿತ್ರದುರ್ಗ, ದಾವಣಗೆರೆ, ಕೋಲಾರದ ಪಂಪ್‌ಸೆಟ್‌ಗಳೂ ಅದರ ಲೆಕ್ಕಕ್ಕೇ ಬರುತ್ತವೆ. ರಾತ್ರಿ ಪಾಳಿಯಲ್ಲಿ ಪಂಪ್‌ಸೆಟ್ ಓಡಿಸುವ ತ್ರೀ ಫೇಸ್ ಕರೆಂಟ್ ಬಂತು ಅಂದರೆ ಟಾರ್ಚ್ ಹಿಡಿದು, ಹಾವು ಚೇಳು ನೋಡಿಕೊಂಡು ತೋಟಕ್ಕೆ ಓಡಬೇಕು, ಹೋಗಿ ಮೋಟರ್ ಆನ್ ಮಾಡುವಷ್ಟರಲ್ಲಿ ಮತ್ತೆ ಕರೆಂಟ್ ಹೋಗಿರಬಹುದು.

ಅದೂ ಎಂಥ ಸೀಮೆಯಲ್ಲಿ? ಇದೇ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. 2019ರ ಕೊನೆಗೆ ಪೂರ್ತಿಯಾಯಿತು. ಜಮೀನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ತೆಗೆದುಕೊಂಡರು. ಒಳ್ಳೆ ಉಪಾಯವೇ. ಆದರೆ ಬಾಡಿಗೆ ಬಂದಿದ್ದು ಜಮೀನಿದ್ದವರಿಗೆ, ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಕೆಲಸವೂ ಹೋಯಿತು. ಇದನ್ನು ಹೇಳದೆ ಪಾವಗಡವನ್ನು ಹೊಗಳೋಕೆ ನನಗೆ ಮನಸ್ಸು ಬರಲ್ಲ.

ನಾನು ಕೇಳುತ್ತಿರುವುದು ಇನ್ನೊಂದು ಪಾವಗಡ ಅಲ್ಲ. ಸಣ್ಣದು. ಹಳ್ಳಿ ಸಬ್‌ಸ್ಟೇಷನ್ ಪಕ್ಕದಲ್ಲೇ ಕೆಲವು ಮೆಗಾವಾಟ್ ಸೋಲಾರ್ ಹಾಕಿ, ಅಲ್ಲಿಂದ ಹೊರಡುವ ಪಂಪ್‌ಸೆಟ್ ಫೀಡರ್‌ಗೆ, ಅಂದರೆ ಪಂಪ್‌ಸೆಟ್‌ಗಳಿಗೆ ಹೋಗುವ ಲೈನಿಗೆ, ಹಗಲಲ್ಲೇ ಕರೆಂಟ್ ಬಿಡಿ. ಒಂದು ಮೆಗಾವಾಟ್‌ಗೆ ನಾಲ್ಕೈದು ಎಕರೆ ಸಾಕು. ಪಂಪ್‌ಸೆಟ್‌ಗಳಿಗೆ ಸೋಲಾರ್ ಕರೆಂಟ್ ಕೊಡುವ ಕೇಂದ್ರದ ಕುಸುಮ್ ಯೋಜನೆಯಲ್ಲಿ 'ಸಿ' ಭಾಗ ಮಾಡಿದ್ದೇ ಇದಕ್ಕೆ, ಸಹಾಯಧನವನ್ನೂ ಇಟ್ಟರು. ಗೌರಿಬಿದನೂರು ತಾಲ್ಲೂಕಿನಲ್ಲಿ 2025ರಲ್ಲಿ ಮುಖ್ಯಮಂತ್ರಿಗಳೇ ಬಂದು ಉದ್ಘಾಟನೆ ಮಾಡಿದರು. ಸಂತೋಷ. ಉಳಿದ ತಾಲ್ಲೂಕುಗಳಿಗೆ ಯಾವಾಗ?

ಸೋಲಾರ್ ಅಂದ ತಕ್ಷಣ ಇಂಜಿನಿಯರ್‌ಗಳು ಹೇಳುವ ಮೊದಲ ಮಾತು, ಸಂಜೆ ಆರಕ್ಕೆ ಏನು ಮಾಡ್ತೀರಿ ಅಂತ. ಮನೆ ದೀಪಕ್ಕೆ ಈ ಪ್ರಶ್ನೆ ಸರಿ. ಅದಕ್ಕೆ ಬ್ಯಾಟರಿ ಬೇಕು, ಶರಾವತಿ ನೀರು ಬೇಕು, ಮಳೆಗಾಲದಲ್ಲಾದರೆ ಚಿತ್ರದುರ್ಗ, ಗದಗದ ಗಾಳಿ ಕೈಹಿಡಿಯುತ್ತದೆ. ಆದರೆ ಬೋರ್‌ವೆಲ್‌ಗೆ ಸಂಜೆ ಕರೆಂಟ್ ಯಾಕೆ ಬೇಕು? ಅಡಿಕೆ ಗಿಡ ಹಗಲಲ್ಲಿ ನೀರು ಬೇಡ ಅನ್ನುತ್ತದಾ? ಬಿಸಿಲಿದ್ದಾಗ ನೀರೆತ್ತಿದರೆ ಬ್ಯಾಟರಿ ಖರ್ಚೇ ಇಲ್ಲ. ರಾಜ್ಯದ ಕರೆಂಟಿನಲ್ಲಿ ಮೂರನೇ ಒಂದು ಪಾಲಿನ ಆಸುಪಾಸು ಪಂಪ್‌ಸೆಟ್‌ಗೇ ಹೋಗುತ್ತದೆ, ಅಷ್ಟು ದೊಡ್ಡ ಹೊರೆಯಲ್ಲಿ ಆದಷ್ಟನ್ನು ಹಗಲಿಗೆ ತಂದರೆ ರಾತ್ರಿ ಕಲ್ಲಿದ್ದಲು ಸುಡುವುದು ತಾನಾಗಿ ಕಡಿಮೆಯಾಗುತ್ತದೆ ಅಲ್ವಾ? ರಾಯಚೂರು, ಬಳ್ಳಾರಿಯ ಸ್ಥಾವರಗಳಿಗೆ ಕಲ್ಲಿದ್ದಲು ಬರುವುದು ಹೊರ ರಾಜ್ಯಗಳಿಂದ, ರೈಲಿನಲ್ಲಿ. ನಮ್ಮ ನೆಲದಲ್ಲಿ ಅದು ಇಲ್ಲ. ಬಿಸಿಲು ಬೇಕಾದಷ್ಟಿದೆ.

2023ರಲ್ಲಿ ಮಳೆ ಕೈಕೊಟ್ಟಾಗ ಆಗಿದ್ದು ನೆನಪಿದೆಯಲ್ಲ? ಜಲಾಶಯಗಳಲ್ಲಿ ನೀರಿಲ್ಲ, ಹೊಲ ಒಣಗುತ್ತಿದೆ ಅಂತ ಎಲ್ಲರೂ ಮೋಟರ್ ಹಾಕಿದರು, ಅಕ್ಟೋಬರ್‌ನಲ್ಲಿ ಪಂಪ್‌ಸೆಟ್‌ಗೆ ದಿನಕ್ಕೆ ಏಳು ತಾಸು ಕೊಡುತ್ತಿದ್ದ ಕರೆಂಟ್ ಐದಕ್ಕೆ ಇಳಿಯಿತು, ಗಲಾಟೆಯಾದ ಮೇಲೆ ಮತ್ತೆ ಏಳಾಯಿತು. ಬರಗಾಲದಲ್ಲಿ ಇಲ್ಲದ್ದು ನೀರು. ಬಿಸಿಲು ಆಗ ಇನ್ನೂ ಜಾಸ್ತಿ.

ಮನೆ ಮೇಲಿನ ಸೋಲಾರ್ ವಿಷಯ ಬೇರೆ. ಮೂರು ಕಿಲೋವಾಟ್‌ಗೆ ಕೇಂದ್ರ 78,000 ರೂಪಾಯಿ ಕೊಡುತ್ತದೆ, ಆದರೆ ಗೃಹಜ್ಯೋತಿಯಲ್ಲಿ ಬಿಲ್ಲೇ ಸೊನ್ನೆ ಬರುವ ಮನೆಯವರು ಯಾಕೆ ಕೈಯಿಂದ ದುಡ್ಡು ಹಾಕುತ್ತಾರೆ? ಅಂಥ ಮನೆಗಳ ಮೇಲೆ ಕಂಪನಿಯೇ ಮುಂದೆ ನಿಂತು ಪ್ಯಾನೆಲ್ ಹಾಕಿಸಬೇಕು. ಸರ್ಕಾರ ಸಬ್ಸಿಡಿ ಕಟ್ಟುವ ಯೂನಿಟ್‌ಗಳೂ ಅಷ್ಟು ಕಡಿಮೆಯಾಗುತ್ತವೆ.

ಒಂದು ಎಚ್ಚರಿಕೆ. ಸಬ್‌ಸ್ಟೇಷನ್ ಪಕ್ಕ ಸರ್ಕಾರಿ ಜಾಗ ಅಂತ ಗೋಮಾಳಕ್ಕೆ ಬೇಲಿ ಹಾಕಬೇಡಿ. ಕುರಿಯವರು ಎಲ್ಲಿಗೆ ಹೋಗಬೇಕು? ಬಾಡಿಗೆ ಕೊಟ್ಟರೆ ಪಾಳುಬಿದ್ದ ಹೊಲ ಕೊಡುವವರು ಊರಲ್ಲೇ ಇದ್ದಾರೆ, ಮೊದಲು ಅವರನ್ನು ಕೇಳಿ.

ದರ ಏರಿಕೆಯ ಅರ್ಜಿ ಬಂದಾಗ ವಿದ್ಯುತ್ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ, ಯಾರು ಬೇಕಾದರೂ ಆಕ್ಷೇಪಣೆ ಬರೆದು ಕೊಡಬಹುದು. ಸುಮ್ನೆ ಫೇಸ್‌ಬುಕ್‌ನಲ್ಲಿ ಬೈಯುವ ಬದಲು ಅಲ್ಲಿ ಬರೆಯೋಣ. ನಾನು ಕೇಳುವುದು ಇಷ್ಟೇ: ನಮ್ಮ ತಾಲ್ಲೂಕಿನ ಯಾವ ಸಬ್‌ಸ್ಟೇಷನ್‌ನಲ್ಲಿ, ಎಷ್ಟು ಮೆಗಾವಾಟ್, ಯಾವ ತಿಂಗಳೊಳಗೆ?