ಹೆಡ್ ಇಲ್ಲಿ, ಬ್ಲಾಕ್ ಎಲ್ಲಿ?

ಬ್ರಿಟನ್ನಿನಲ್ಲಿರುವ ನನ್ನ ಗೆಳೆಯನ ಹತ್ತಿರ 1963ರ ಜಾಗ್ವಾರ್ ಇ-ಟೈಪ್ ಸ್ಪೋರ್ಟ್ಸ್ ಕಾರು ಇದೆ. 3.8 ಲೀಟರಿನ ಆರು ಸಿಲಿಂಡರ್ ಎಂಜಿನ್, ಮೂರು ಎಸ್‌ಯು ಕಂಪನಿಯ ಕಾರ್ಬುರೇಟರ್. ಬಾನೆಟ್ ಎತ್ತಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ಆದರೆ ಈ ಎಂಜಿನ್‌ಗೆ ನಂಬರನ್ನು ಎರಡು ಕಡೆ ಪಂಚ್ ಮಾಡಿರುತ್ತಾರೆ: ಹೆಡ್ಡಿನ (ಎಂಜಿನ್ನಿನ ಮೇಲಿನ ಭಾಗ) ಮುಂಭಾಗದಲ್ಲೊಂದು, ಬ್ಲಾಕಿನಲ್ಲಿ (ಸಿಲಿಂಡರುಗಳಿರುವ ಕೆಳಗಿನ ಭಾಗ) ಆಯಿಲ್ ಫಿಲ್ಟರಿನ ಮೇಲೊಂದು. ಇವನ ಕಾರಿನ ಹೆಡ್ ನಂಬರ್ ಶುರುವಾಗೋದು ‘ಆರ್’ನಿಂದ, ಅಂದರೆ ಇ-ಟೈಪಿನದೇ. ಕಾರ್ಖಾನೆ ದಾಖಲೆ ನೋಡಿ ಕೊಡುವ ಹೆರಿಟೇಜ್ ಸರ್ಟಿಫಿಕೇಟಿನಲ್ಲೂ ಅದೇ ನಂಬರ್. ಬ್ಲಾಕಿನ ಮೇಲೆ ಮಾತ್ರ ‘ಎಲ್‌ಸಿ’! ಅದು ಜಾಗ್ವಾರ್‌ನದೇ ಮಾರ್ಕ್ 2 ಸೆಡಾನಿನದು.

ಇ-ಟೈಪಿನ ಅಸಲಿ ಬ್ಲಾಕ್ ಹುಡುಕೋಕೆ, ಕಾರಿನ ಜೊತೆ ಬಂದಿದ್ದ ಹಳೇ ಗ್ಯಾರೇಜ್ ಬಿಲ್ಲುಗಳ ಕಟ್ಟು ಹಿಡಿದು ಲಂಡನ್ನಿನಿಂದ ಎಂ40 ಹೆದ್ದಾರಿ ಹತ್ತಿದೆವು. ದಾರಿಯಲ್ಲೇ ಗೇಡನ್ ಸಿಗುತ್ತದೆ. ಅಲ್ಲಿನ ಬ್ರಿಟಿಷ್ ಮೋಟರ್ ಮ್ಯೂಸಿಯಂ ನೋಡದೆ ಮುಂದೆ ಹೋಗೋಕೆ ಆಗುತ್ತಾ? ಹೋದೆವು, ಬಾಯಿ ಬಿಟ್ಕೊಂಡು ನೋಡಿದೆವು, ಹೊರಟೆವು.

ಕಾವೆಂಟ್ರಿಯಲ್ಲಿ ಬಿಲ್ಲಿನ ವಿಳಾಸ ಹುಡುಕಿದರೆ ಆ ಗ್ಯಾರೇಜ್ ಜಾಗದಲ್ಲಿ ಈಗ ಟೈರ್ ಅಂಗಡಿ. ಎರಡನೇ ಮಹಾಯುದ್ಧದಲ್ಲಿ ಬಾಂಬಿನಿಂದ ಬೆಂಕಿ ಬಿದ್ದೀತೆಂದು ರಾತ್ರಿ ಕಾವಲು ಕೂತಿದ್ದ ಜಾಗ್ವಾರ್ ಎಂಜಿನಿಯರುಗಳು ಈ ಕಾರಿನಲ್ಲಿರೋ ಎಕ್ಸ್‌ಕೆ ಎಂಜಿನ್ನಿನ ಲೆಕ್ಕಾಚಾರ ಹಾಕಿದ್ದು ಇದೇ ಊರಲ್ಲಿ. 1948ರಲ್ಲಿ ಹೊರಬಂದ ಎಂಜಿನ್ 1992ರವರೆಗೂ ತಯಾರಾಯಿತು ನೋಡಿ, ಇನ್ನೇನು ಬೇಕು! ಟೈರ್ ಅಂಗಡಿಯವರೇ ನಮ್ಮನ್ನು ಹಳೇ ಗ್ಯಾರೇಜಿನ ಮೆಕ್ಯಾನಿಕ್ ಒಬ್ಬರ ಮನೆಗೆ ಕಳಿಸಿದರು. ತುಂಬಾ ವಯಸ್ಸಾಗಿದೆ, ನೆನಪು ಮಾತ್ರ ಗಟ್ಟಿ. ಈ ಇ-ಟೈಪ್, ಆ ಮಾರ್ಕ್ 2 ಎರಡೂ ಆಗ ಒಬ್ಬರವೇ ಆಗಿದ್ದವಂತೆ. ರೇಸ್ ಹತ್ತಿರ ಬಂದಿತ್ತು, ಮಾರ್ಕ್ 2 ಬ್ಲಾಕ್ ಸವೆದಿತ್ತು, ಇ-ಟೈಪಿನದು ಆಗಷ್ಟೇ ಸಿಲಿಂಡರ್ ಬೋರ್ ಮಾಡಿಸಿಕೊಂಡು (ಕೊರೆಸಿಕೊಂಡು) ಬಂದಿತ್ತು, ಸರಿ, ಅದನ್ನೇ ಎತ್ತಿ ಮಾರ್ಕ್ 2ಗೆ ಹಾಕಿದರು, ಅದರ ‘ಎಲ್‌ಸಿ’ ಬ್ಲಾಕ್ ಇ-ಟೈಪಿಗೆ ಬಂತು. ಹೆಡ್‌ಗಳನ್ನು ಮಾತ್ರ ಅವವುಗಳ ಕಾರಿನಲ್ಲೇ ಉಳಿಸಿದರು, ಯಾಕಂದರೆ ಮೂರು ಕಾರ್ಬುರೇಟರಿನ ಹೆಡ್ ಮಾರ್ಕ್ 2 ಬಾನೆಟ್ ಕೆಳಗೆ ಹಿಡಿಸೋದು ಕಷ್ಟ. 1970ರ ದಶಕದಲ್ಲಿ ಇ-ಟೈಪ್ ಅಂದರೆ ಬರೀ ಹಳೇ ಕಾರು, ನಂಬರಿನ ಚಿಂತೆ ಯಾರಿಗಿತ್ತು?

ಆ ಮಾರ್ಕ್ 2 ಇದ್ದದ್ದು ಲಿಂಕನ್‌ಶೈರಿನಲ್ಲಿ. ಚಪ್ಪಟೆ ಹೊಲ, ನೇರ ರಸ್ತೆ, ಎಷ್ಟು ಓಡಿಸಿದರೂ ಅದೇ ನೋಟ, ಬೋರೋ ಬೋರು. ಹೊಲದ ಶೆಡ್ಡಿನಲ್ಲಿ ಟಾರ್ಪಾಲ್ ಸರಿಸಿ, ಗ್ರೀಸ್ ಒರೆಸಿ, ಟಾರ್ಚ್ ಹಿಡಿದೆವು. ‘ಆರ್’ ಇತ್ತು, ಮುಂದಿನ ಅಂಕಿಗಳೂ ಸರ್ಟಿಫಿಕೇಟಿನವೇ. ಗೆಳೆಯ ಕುಣಿದಾಡಿದ. ನಾನು ಸ್ವಲ್ಪ ತಡಿ ಅಂದೆ. ನಂಬರ್ ಉಜ್ಜಿ ಹೊಸದಾಗಿ ಪಂಚ್ ಮಾಡೋರು ಜಾಸ್ತಿ, ಬರೀ ಅಂಕಿ ಹೊಂದಿದರೆ ಸಾಲದು. ಅಂಕಿಗಳ ಸುತ್ತ ಕಾರ್ಖಾನೆಯಲ್ಲಿ ಮಷಿನ್ ಓಡಿದ ಹಳೇ ಗೆರೆಗಳು ಹಾಗೇ ಇರಬೇಕು. ಇಲ್ಲಿ ಇದ್ದವು.

ಈಗಿನ ಮಾಲೀಕರು ಮಾರೋಕೆ ಸುತರಾಂ ಒಪ್ಪಲಿಲ್ಲ. ಅವರಿಗೆ ಬೇಕಾಗಿದ್ದು ತಮ್ಮ ‘ಎಲ್‌ಸಿ’ ಬ್ಲಾಕ್! ಬ್ಲಾಕಿಗೆ ಬ್ಲಾಕ್, ಮಾತು ಅಲ್ಲೇ ಮುಗಿಯಿತು. ಎರಡೂ ಎಂಜಿನ್ ಬಿಚ್ಚಿ ಜೋಡಿಸೋ ಖರ್ಚು ಯಾರದು ಅನ್ನೋದರ ಮೇಲೆ ಇಬ್ಬರೂ ಇನ್ನೂ ಫೋನಿನಲ್ಲಿ ಚೌಕಾಸಿ ಮಾಡುತ್ತಲೇ ಇದ್ದಾರೆ.